ಎಲೆಯಡಿಯ ನುಸಿಗೆ ಬೂಷ್ಟಿನ ಮದ್ದು
(ಗಾಂಧಿ ಗಂಜಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಮಾಲು ತಂದು ತೂಕಕ್ಕಾಗಿ ಕಾದು ಕುಳಿತಿರುವ ತಮ್ಮ ಸಮಯವನ್ನು ನಾನು ಹೆಚ್ಚು ತೆಗೆದುಕೊಳ್ಳುವುದಿಲ್ಲ. ಊರಿಗೆ ಮರಳುವಾಗ ತಮ್ಮಲ್ಲಿ ಅನೇಕರು ಔಷಧದ ಡಬ್ಬಿ ಕೊಂಡೊಯ್ಯುವುದುಂಟು. ಆ ಹಣ ಮಣ್ಣುಪಾಲಾಗಬಾರದೆಂದು ನಾಲ್ಕು ಮಾತು ಹೇಳುತ್ತೇನೆ.

ಬದನೆ, ಬೆಂಡೆಗಳ ಎಲೆಯ ಮೇಲೆ ಬಿಳಿಚಿದ ಚುಕ್ಕೆ ಬಿದ್ದು, ಕೆಳಗಡೆ ನವಿರಾದ ಬಲೆ ಕಂಡರೆ ಅದು ಕೆಂಪು ಜೇಡನುಸಿಯ ಕೆಲಸ. ಎಲೆಯನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿರಿ. ಧೂಳಿನ ಕಣದಂಥವು ಹರಿದಾಡುತ್ತವೆ. ಇದು ಕೀಟವಲ್ಲ. ಕೀಟಕ್ಕೆ ಆರು ಕಾಲು, ಬೆಳೆದ ಜೇಡನುಸಿಗೆ ಎಂಟು. ಇದು ಶಾಲೆಯ ಹುಡುಗರ ಪಾಠವೆಂದು ತಳ್ಳಿಹಾಕಬೇಡಿರಿ. ಹುಳುವಿಗೆಂದು ಮಾಡಿದ ಅನೇಕ ಔಷಧಗಳು ನುಸಿಗೆ ತಾಕುವುದಿಲ್ಲ. ನುಸಿಯನ್ನು ತಿನ್ನುವ ಗುಲಗಂಜಿ ಹುಳುವನ್ನು ಮಾತ್ರ ಕೊಲ್ಲುತ್ತವೆ. ಔಷಧ ಹೊಡೆದ ಮೇಲೆಯೇ ನುಸಿ ಹೆಚ್ಚಿತೆಂದು ಯಾರಾದರೂ ಹೇಳಿದರೆ ನಗಬೇಡಿರಿ.

ನಮಗೆ ಬರುವಂತೆ ನುಸಿಗೂ ರೋಗ ಬರುತ್ತದೆ. ಹಿರ್ಸುಟೆಲ್ಲಾ, ಬ್ಯೂವೇರಿಯಾ, ಲೆಕಾನಿಸಿಲಿಯಂ ಎಂಬ ಬೂಷ್ಟುಗಳಿವೆ. ಇವುಗಳ ಬೀಜಕಣ ನುಸಿಯ ಮೈಮೇಲೆ ಬಿದ್ದು, ತೇವ ಸಿಕ್ಕರೆ ಮೊಳೆತು, ಚರ್ಮವನ್ನು ಕೊರೆದು ಒಳಗೆ ಬೆಳೆಯುತ್ತದೆ. ಕೆಲವು ದಿನಗಳಲ್ಲಿ ನುಸಿ ಸಾಯುತ್ತದೆ. ಆ ಹೆಣದ ಮೇಲೆ ಮತ್ತೆ ಬೀಜಕಣಗಳು ಹುಟ್ಟಿ ಪಕ್ಕದವುಗಳಿಗೆ ಅಂಟುತ್ತವೆ.

ತೇವ ಸಿಕ್ಕರೆ ಎಂದೆನಷ್ಟೆ. ಇಡೀ ವಿಷಯ ಆ ಮಾತಿನಲ್ಲಿಯೇ ಇದೆ. ಮಳೆಗಾಲದಲ್ಲಿ ಎರಡು ದಿನ ಮುಚ್ಚಿಟ್ಟ ರೊಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅದೇ ರೊಟ್ಟಿ ವೈಶಾಖದಲ್ಲಿ ಖಡಕ್ಕಾಗಿ ತಿಂಗಳಾದರೂ ಕೆಡುವುದಿಲ್ಲ. ನುಸಿಯ ಸ್ವಭಾವವಾದರೋ ತಿರುವುಮುರುವು: ಒಣ ಬಿಸಿಲಿನಲ್ಲಿ ಅದರ ಸಂಸಾರ ಬೆಳೆಯುತ್ತದೆ. ಆದುದರಿಂದ ನಮ್ಮ ಬೀದರ ಸೀಮೆಯ ಕಡುಬೇಸಗೆಯಲ್ಲಿ, ನುಸಿ ತುಂಬಿ ಎಲೆ ಕೆಂಪಾದ ಮೇಲೆ, ಬೂಷ್ಟಿನ ಪುಡಿ ಹೊಡೆದು ಕಾಯುವುದು ವ್ಯರ್ಥ. ಮಳೆಗಾಲದ ನಡುವೆ ಹೊಳವು ಬಿದ್ದಾಗ, ನುಸಿ ಅಲ್ಲೊಂದು ಇಲ್ಲೊಂದು ಕಾಣುವಾಗಲೇ, ನೀರು ಹಾಯಿಸಿದ ಹೊಲಕ್ಕೆ ಸಂಜೆ ಹೊತ್ತು ಎಲೆಯ ಕೆಳಭಾಗ ನೆನೆಯುವಂತೆ ಸಿಂಪಡಿಸಿರಿ. ಪುಡಿ ಕೊಳ್ಳುವಾಗ ತಾರೀಖು ನೋಡಿರಿ. ಅದರೊಳಗಿನದು ಜೀವವುಳ್ಳದ್ದು, ತಗಡಿನ ಮನೆಯ ಮಾಡಿನ ಕೆಳಗೆ ಇಟ್ಟರೆ ಸತ್ತೀತು.

ಇನ್ನೊಂದು ತಪ್ಪು ಬಹಳ ನಡೆಯುತ್ತದೆ. ನುಸಿಗೆ ಗಂಧಕ ಒಳ್ಳೆಯ ಮದ್ದೇ. ಆದರೆ ಗಂಧಕ ಬೂಷ್ಟನ್ನೂ ಕೊಲ್ಲುತ್ತದೆ. ಎರಡನ್ನೂ ಕೂಡಿಸಿದರೆ ಎರಡು ಖರ್ಚು, ಒಂದು ಕೆಲಸ. ಅಮೆರಿಕದ ಫ್ಲಾರಿಡಾದಲ್ಲಿ ಕಿತ್ತಳೆ ತೋಟಗಳಿಗೆ ರೋಗ ತಡೆಯಲೆಂದು ತಾಮ್ರದ ಔಷಧ ಹೊಡೆದಾಗ ನುಸಿ ಹೆಚ್ಚಿತು. ಅಲ್ಲಿ ನುಸಿಯನ್ನು ಅಂಕೆಯಲ್ಲಿಟ್ಟಿದ್ದ ಹಿರ್ಸುಟೆಲ್ಲಾ ಬೂಷ್ಟು ಆ ಔಷಧಕ್ಕೆ ಬಲಿಯಾಗಿತ್ತು.

ನಮ್ಮ ರಾಜ್ಯದ ತೆಂಗು ಬೆಳೆಗಾರರೂ ಇದನ್ನು ಬಲ್ಲರು. 1998ರಲ್ಲಿ ಕೇರಳದಲ್ಲಿ ಕಂಡ ತೆಂಗಿನ ನುಸಿ ಬೇಗನೆ ಕರ್ನಾಟಕಕ್ಕೂ ಹಬ್ಬಿತು. ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯದವರು ಇದೇ ಹಿರ್ಸುಟೆಲ್ಲಾದಿಂದ ಮೈಕೋಹಿಟ್ ಎಂಬ ಪುಡಿಯನ್ನು ಸಿದ್ಧಪಡಿಸಿದರು. ಆ ನುಸಿ ಕಾಯಿಯ ತೊಟ್ಟಿನ ಪೊರೆಯೊಳಗೆ ಅಡಗುವುದರಿಂದ ಮದ್ದು ಅಲ್ಲಿಗೆ ತಲಪುವುದು ಕಷ್ಟ. ಎಲ್ಲ ತೋಟಗಳಲ್ಲಿಯೂ ಒಂದೇ ಫಲ ಸಿಗಲಿಲ್ಲ.

ಕಡೆಯದಾಗಿ ತೊಗರಿ. ಗಿಡ ಹಸುರಾಗಿ ಪೊದೆಯಾಗಿ ಬೆಳೆದು ಹೂವೇ ಬಿಡದ ಗೊಡ್ಡು ರೋಗವನ್ನು ಹರಡುವುದೂ ಒಂದು ನುಸಿ, ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ನಂಜನ್ನು ಹೊತ್ತು ತರುತ್ತದೆ. ಒಮ್ಮೆ ನಂಜು ಗಿಡಕ್ಕೆ ಸೇರಿದ ಮೇಲೆ ನುಸಿ ಸತ್ತರೂ ಗಿಡ ಕಾಯಿಕಟ್ಟದು. ಇದಕ್ಕೆ ಬೂಷ್ಟನ್ನು ನಂಬಬೇಡಿರಿ. ರೋಗ ತಡೆಯುವ ಬಿ.ಎಸ್.ಎಂ.ಆರ್. 736ರಂಥ ತಳಿಯನ್ನು ಬಿತ್ತಿರಿ. ತಮ್ಮ ಹೊಲಕ್ಕೆ ಯಾವುದು ಒಪ್ಪುವುದೆಂದು ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಗೊಡ್ಡು ಗಿಡ ಕಂಡೊಡನೆ ಕೀಳಿರಿ. ಬದುವಿನ ಮೇಲೆ ಹೋದ ವರ್ಷದ ತೊಗರಿ ಉಳಿದಿದ್ದರೆ, ಬಿತ್ತನೆಗೆ ಮೊದಲೇ ಅದನ್ನು ಬೇರುಸಹಿತ ತೆಗೆದು ಸುಟ್ಟುಬಿಡಿರಿ.