ಮೈಕಿನ ದನಿಗೆ ಯಾವ ಸ್ವಿಚ್ಚು?

(ಸುವರ್ಣ ಮಹೋತ್ಸವದ ಹಳೆವಿದ್ಯಾರ್ಥಿ ಸಮಾವೇಶದಲ್ಲಿ ಆಡಿದ ಮಾತು)



ಹಳೆವಿದ್ಯಾರ್ಥಿಗಳ ಕಡೆಯಿಂದ ಶಾಲೆಗೆ ಹೊಸ ಮೈಕ್‌ಸೆಟ್ ಕೊಡುವುದೆಂದು ತೀರ್ಮಾನವಾಗಿದೆ. ಮಂಗಳೂರಿನಲ್ಲಿ 30 ವರ್ಷಗಳಿಂದ ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿರುವ ನನ್ನನ್ನು ಸಮಿತಿಯವರು, "ಎಂಥದ್ದು ತಗೊಳ್ಳೋಣ ಮಾರಾಯ್ರೆ?" ಎಂದು ಕೇಳಿದ್ದಾರೆ. ಉತ್ತರವನ್ನು ಎಲ್ಲರೆದುರೇ ಹೇಳಿಬಿಡುತ್ತೇನೆ.

ಅಂಗಳದ ಮೈಕಿನಿಂದ ಸಭಾಂಗಣದ ಮೈಕಿಗೆ ಬದಲಾಯಿಸಲು ಪೆಟ್ಟಿಗೆಯೊಳಗೆ ಒಂದು ಸ್ವಿಚ್ಚು ಬೇಕು. 1976ರಲ್ಲಿ ಶುರುವಾದ ನಮ್ಮ ಮಂಗಳೂರು ಆಕಾಶವಾಣಿಯಲ್ಲಿ ಉದ್ಘೋಷಕರ ಮಾತು ಮುಗಿದು ಹಾಡು ಬರುವಾಗಲೂ ಇದೇ ಕೆಲಸ: ಒಂದು ದನಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು.

ಇಂಥ ಸ್ವಿಚ್ಚಿನಲ್ಲಿ ಎರಡು ಬಗೆ. ಒಂದು ರಿಲೇ. ಸುರುಳಿಗೆ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಲೋಹದ ಪಟ್ಟಿಯನ್ನು ಎಳೆಯುತ್ತದೆ, ಕಾಂಟ್ಯಾಕ್ಟುಗಳು ಕೂಡುತ್ತವೆ. ಕೆಲವು ಆಂಪ್ಲಿಫೈಯರುಗಳಲ್ಲಿ ಆನ್ ಮಾಡಿದ ತುಸು ಹೊತ್ತಿಗೆ ಕೇಳುವ 'ಟಕ್' ಸದ್ದು ಅದರದೇ. ಇನ್ನೊಂದು ಸಾಲಿಡ್ ಸ್ಟೇಟ್, ಅಂದರೆ ಅಲ್ಲಾಡುವ ಭಾಗವೇ ಇಲ್ಲದ ಐಸಿ. 4066 ಎಂಬ ಪುಟ್ಟ ಐಸಿಯಲ್ಲಿ ಇಂಥ ನಾಲ್ಕು ಸ್ವಿಚ್ಚುಗಳಿರುತ್ತವೆ.

ದನಿಯ ಶುದ್ಧತೆಯಲ್ಲಿ ರಿಲೇ ಮುಂದೆ. ಕೂಡಿದ ಕಾಂಟ್ಯಾಕ್ಟಿನ ರೋಧ ಸಾಮಾನ್ಯವಾಗಿ 0.1 ಓಮಿಗಿಂತ ಕಡಿಮೆ. 4066ರಲ್ಲಿ 15 ವೋಲ್ಟ್ ಕೊಟ್ಟರೂ ಅದು 100 ಓಮಿನ ಆಸುಪಾಸು. ಮೇಲಾಗಿ ದನಿಯ ಏರಿಳಿತದ ಜೊತೆ ರೋಧವೂ ಏರಿಳಿಯುತ್ತದೆ. ಮುಂದಿನ ಸರ್ಕ್ಯೂಟಿನ ರೋಧ ಹತ್ತಾರು ಸಾವಿರ ಓಮ್ ಇದ್ದರೆ ಇದು ಕಿವಿಗೆ ಗೊತ್ತಾಗದು. ಆದರೆ ಚೆಂಡೆಯ ಜೋರು ಪೆಟ್ಟು ಐಸಿಗೆ ಕೊಟ್ಟ ವೋಲ್ಟೇಜನ್ನು ಮೀರಿತೋ, ದನಿ ಒಡೆದೇ ಒಡೆಯುತ್ತದೆ.

ಹಾಗಾದರೆ ರಿಲೇಯೇ ಸಾಕಲ್ಲ ಎನ್ನಬಹುದು. ಅಲ್ಲಿ ನಮ್ಮ ಹವೆ ಅಡ್ಡ ಬರುತ್ತದೆ. ತೇವದ ಗಾಳಿಯಲ್ಲಿ ಬೆಳ್ಳಿಯ ಕಾಂಟ್ಯಾಕ್ಟಿನ ಮೇಲೆ ತೆಳುವಾದ ಕಪ್ಪು ಪೊರೆ ಕಟ್ಟುತ್ತದೆ. ಪಂಪಿನಂಥ ದೊಡ್ಡ ಕರೆಂಟಾದರೆ ಪೊರೆಯನ್ನು ಸುಟ್ಟುಕೊಂಡು ಹೋಗುತ್ತದೆ. ಮೈಕಿನ ಕೆಲವೇ ಮಿಲಿವೋಲ್ಟಿಗೆ ಆ ಶಕ್ತಿ ಎಲ್ಲಿಂದ? ಆದ್ದರಿಂದ 10 ಆಂಪಿಯರಿನ ದೊಡ್ಡ ರಿಲೇ ಮೈಕಿಗೆ ಒಳ್ಳೆಯದಲ್ಲ. ರಜೆ ಮುಗಿದು ಜೂನ್‌ನಲ್ಲಿ ಮೈಕ್ ಹಾಕಿದರೆ ಕರಕರ ಸದ್ದು, ಪೆಟ್ಟಿಗೆಗೆ ಒಂದು ತಟ್ಟಿದರೆ ಸರಿ. ಎಷ್ಟೋ ಕಡೆ ಇದಕ್ಕೆ ಈ ಪೊರೆಯೇ ಕಾರಣ. 'ಸೆಟ್ ಹಾಳಾಯಿತು' ಎಂದು ಇಡೀ ಪೆಟ್ಟಿಗೆಯನ್ನೇ ಗುಜರಿಗೆ ಹಾಕಿದವರನ್ನು ನಾನು ಬಹಳ ಕಂಡಿದ್ದೇನೆ. ಸರಕಾರಿ ಶಾಲೆಗೆ ಆ ಖರ್ಚು ಸಣ್ಣದಲ್ಲ.

ನನ್ನ ಸಲಹೆ ಇಷ್ಟು. ಮೈಕಿನ ಕಡೆಗೆ ಚಿನ್ನದ ಲೇಪವಿರುವ, ಗಾಳಿ ಹೋಗದಂತೆ ಮುಚ್ಚಿದ ಸಣ್ಣ ರಿಲೇ ಇರಲಿ. ದನಿ ಒಂದಿಷ್ಟು ದೊಡ್ಡದಾದ ಮೇಲೆ, ಪದೇ ಪದೇ ಬದಲಾಯಿಸುವ ಕಡೆ ಐಸಿ ಸಾಕು. ಸ್ಪೀಕರಿಗೆ ದೊಡ್ಡ ರಿಲೇಯೇ ಸರಿ. ರಿಲೇಗಳು ಸಾಕೆಟ್ಟಿನಲ್ಲಿರಲಿ, ಜೊತೆಗೆ ಸರ್ಕ್ಯೂಟ್ ನಕ್ಷೆಯನ್ನೂ ಕೇಳಿ ಪಡೆಯಿರಿ. ಆಗ ವಿಜ್ಞಾನದ ಮೇಷ್ಟ್ರು ಪ್ಲಗ್ ಕಿತ್ತಿಟ್ಟು, ಮಕ್ಕಳೆದುರೇ ಮುಚ್ಚಳ ತೆಗೆದು ತೋರಿಸಬಹುದು.

ಹೊರಗೆ ಮಳೆ ಎಷ್ಟೇ ಹೊಯ್ಯಲಿ, ಬೆಳಗ್ಗೆ ವಾರ್ತೆ ಓದುವ ಹುಡುಗಿಯ ದನಿ ಕೊನೆಯ ಸಾಲಿನ ಮಗುವಿಗೂ ಕೇಳಬೇಕು. ನಾವು ಕೊಡುವ ಕಾಣಿಕೆಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಡ.