ಸಂಘಗಳಿಗೆ ಆಸರೆಯಾದ ಸಂಪನ್ಮೂಲ ಕೇಂದ್ರಗಳು



ಊರಿನಲ್ಲಿ 15-20 ಮಂದಿಯನ್ನು ಕೂಡಿಸಿ ಸ್ವಸಹಾಯ ಸಂಘ ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಕಟ್ಟಿಸಿದ ಸಂಸ್ಥೆ ತನ್ನ ಯೋಜನೆ ಮುಗಿಸಿ ಹೊರಟ ಮೇಲೆ ಲೆಕ್ಕ ತಪಾಸಣೆ ಮಾಡುವವರು ಯಾರು? ಹೊಸ ಪ್ರತಿನಿಧಿಗಳಿಗೆ ತರಬೇತಿ ಕೊಡುವವರು ಯಾರು? ಮನಸ್ತಾಪ ಬಂದಾಗ ನಡುವೆ ಕುಳಿತು ಬಿಡಿಸುವವರು ಯಾರು? ಹಣವಿದ್ದೂ ಸಂಘ ಒಡೆಯುವುದು ಇಂತಹ ಕಡೆಯಲ್ಲಿಯೇ. ಈ ತೊಂದರೆಗೆ ಕರ್ನಾಟಕದ ಮೈರಾಡ ಸಂಸ್ಥೆ ಕಂಡುಕೊಂಡ ದಾರಿಯನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ಅರಿತಿರುವುದು ಒಳ್ಳೆಯದು.

ಮೈರಾಡ ಆರಂಭವಾದುದು 1968ರಲ್ಲಿ. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದು ಅದರ ಮೊದಲ ಕೆಲಸವಾಗಿತ್ತು. ಅನಂತರ ಅದು ಬಡ ರೈತರ ಕಡೆಗೆ ತಿರುಗಿ, ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತು. ಒಂದೊಂದರಲ್ಲಿಯೂ ನೂರಾರು ಸದಸ್ಯರು. ಉಳ್ಳವರೂ ಇಲ್ಲದವರೂ ಒಂದೇ ಪಟ್ಟಿಯಲ್ಲಿ. 1984-85ರ ಹೊತ್ತಿಗೆ ಇವುಗಳಲ್ಲಿ ಹಲವು ಕುಸಿದವು. ಆಗ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಕಾರ್ಯಕರ್ತರ ಬಳಿ ಬಂದು, ಸಾಲವನ್ನು ಮೈರಾಡಕ್ಕೆ ತೀರಿಸುತ್ತೇವೆ, ಒಬ್ಬಿಬ್ಬರ ಹಿಡಿತದಲ್ಲಿರುವ ಸಹಕಾರ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ನೀವು ಮೈರಾಡಕ್ಕೆ ಏನೂ ಕೊಡಬೇಕಾಗಿಲ್ಲ, ಇಲ್ಲಿ ಕುಳಿತಿರುವ ನಿಮ್ಮ ಗುಂಪಿಗೇ ಏಕೆ ಕಟ್ಟಬಾರದು ಎಂದು ಕಾರ್ಯಕರ್ತರು ಕೇಳಿದರು. ಒಬ್ಬರನ್ನೊಬ್ಬರು ನಂಬಬಲ್ಲವರು ತಾವೇ ಆರಿಸಿಕೊಂಡು ಕೂಡಿದ ಈ ಗುಂಪುಗಳೇ ಮುಂದೆ ಸ್ವಸಹಾಯ ಸಂಘಗಳಾದವು. ಕಛೇರಿಯಲ್ಲಿ ಕುಳಿತು ಯಾರೂ ಇದನ್ನು ರೂಪಿಸಲಿಲ್ಲ ಎಂಬುದು ಗಮನಿಸಬೇಕಾದ ಅಂಶ.

1986-87ರಲ್ಲಿ ಇಂತಹ ಸುಮಾರು 300 ಸಂಘಗಳಿದ್ದವು. ನಬಾರ್ಡ್ 1987ರಲ್ಲಿ ಇವುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ನೀಡಿತು. 1992ರಲ್ಲಿ ದೇಶದ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಸಂಗತಿ.

ಆದರೆ ಸಂಘಗಳು ಹೆಚ್ಚಿದಂತೆ ಸಂಸ್ಥೆಯ ಸಿಬ್ಬಂದಿಯ ಮೇಲಿನ ಅವಲಂಬನೆಯೂ ಉಳಿಯಿತು. ಆದುದರಿಂದ 2000ದ ನಂತರದ ವರ್ಷಗಳಲ್ಲಿ ಸಮುದಾಯ ನಿರ್ವಹಿತ ಸಂಪನ್ಮೂಲ ಕೇಂದ್ರಗಳನ್ನು ತೆರೆಯಲಾಯಿತು. ಒಂದು ಕೇಂದ್ರದ ವ್ಯಾಪ್ತಿಗೆ ಸುಮಾರು 100ರಿಂದ 120 ಸಂಘಗಳು. ಸಂಘಗಳ ಪ್ರತಿನಿಧಿಗಳ ಸಮಿತಿ ಆಡಳಿತ ನಡೆಸುತ್ತದೆ. ಒಬ್ಬ ವ್ಯವಸ್ಥಾಪಕರು, ಅದೇ ಸೀಮೆಯ ಅನುಭವಸ್ಥ ಸಂಪನ್ಮೂಲ ವ್ಯಕ್ತಿಗಳು ಕೆಲಸ ನೋಡಿಕೊಳ್ಳುತ್ತಾರೆ. ಪುಸ್ತಕ ಬರೆಯುವುದನ್ನು ಕಲಿಸುವುದು, ಲೆಕ್ಕ ತಪಾಸಣೆ, ಸಂಘದ ಸ್ಥಿತಿಗತಿಯ ಅಳತೆ, ಬ್ಯಾಂಕು ಮತ್ತು ಇಲಾಖೆಗಳೊಡನೆ ಸಂಪರ್ಕ, ಇವು ಮುಖ್ಯ ಸೇವೆಗಳು.

ಇವು ಪುಕ್ಕಟೆಯಲ್ಲ. ಸಂಘಗಳು ಚಂದಾ ಕಟ್ಟಬೇಕು, ಸೇವೆಗೆ ಶುಲ್ಕ ಕೊಡಬೇಕು. ಬಡವರಿಂದ ಹಣ ಪಡೆಯುವುದೇ ಎಂದು ಕೆಲವರು ಮೂಗು ಮುರಿಯಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡಿರಿ. ಉದಾಹರಣೆಗೆ, 100 ಸಂಘಗಳು ತಿಂಗಳಿಗೆ 100 ರೂಪಾಯಿಯಂತೆ ಕೊಟ್ಟರೆ ಕೇಂದ್ರಕ್ಕೆ 10,000 ರೂಪಾಯಿ ಕೂಡುತ್ತದೆ. 20 ಸದಸ್ಯರ ಸಂಘದಲ್ಲಿ ತಲೆಗೆ ಬೀಳುವುದು 5 ರೂಪಾಯಿ. ದುಡ್ಡು ಕೊಟ್ಟ ಸದಸ್ಯೆ ಲೆಕ್ಕಿಗರು ಏಕೆ ಬರಲಿಲ್ಲ ಎಂದು ಗಟ್ಟಿಯಾಗಿ ಕೇಳುತ್ತಾಳೆ. ಅನುದಾನದಿಂದಲೇ ನಡೆಯುವ ಕಛೇರಿಯನ್ನು ಹಾಗೆ ಕೇಳುವವರು ವಿರಳ. ಇಷ್ಟರಿಂದಲೇ ಪೂರ್ತಿ ವೆಚ್ಚ ತೂಗುತ್ತದೆ ಎನ್ನಲಾಗದು. ಇತರ ಕೆಲಸ ವಹಿಸಿಕೊಂಡು ಆದಾಯ ಹೆಚ್ಚಿಸಿಕೊಳ್ಳಬೇಕಾಗುತ್ತದೆ.

ಇನ್ನೊಂದು ವಿಚಾರ. ಈ ಕೇಂದ್ರ ಸಾಲದ ವ್ಯವಹಾರ ಮಾಡುವುದಿಲ್ಲ. ಸಂಘಗಳ ಮೇಲೆ ಅಧಿಕಾರ ನಡೆಸುವುದೂ ಅದರ ಕೆಲಸವಲ್ಲ. ಸೇರುವುದೂ ಬಿಡುವುದೂ ಸಂಘದ ಇಚ್ಛೆ. 2011ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಯೋಜನೆಯಲ್ಲಿ, ಅಂದರೆ ನಮ್ಮ ರಾಜ್ಯದ ಸಂಜೀವಿನಿಯಲ್ಲಿ, ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳು ಸಂಘಗಳಿಗೆ ಹಣವನ್ನೂ ಒದಗಿಸುತ್ತವೆ. ಅದರಿಂದ ಅನುಕೂಲವುಂಟು. ಆದರೆ ಸಾಲ ಕೊಡುವ ಕೈಯೇ ಲೆಕ್ಕವನ್ನೂ ತಪಾಸಣೆ ಮಾಡಿದರೆ ತಪ್ಪು ಬೆಳಕಿಗೆ ಬರುವುದು ನಿಧಾನ.

ಕೇಂದ್ರವೊಂದನ್ನು ನೋಡಲು ಹೋಗುವ ಕಾರ್ಯಕರ್ತರು ಕಟ್ಟಡವನ್ನೂ ಗೋಡೆಯ ನಕ್ಷೆಗಳನ್ನೂ ನೋಡಿ ಹಿಂದಿರುಗದೆ, ಚಂದಾ ವಸೂಲಿಯ ಪುಸ್ತಕವನ್ನು ಕೇಳಿ ತೆಗೆಸಬೇಕು. ಕಳೆದ ವರ್ಷ ಕಟ್ಟಿದ ಸಂಘಗಳಲ್ಲಿ ಈ ವರ್ಷವೂ ಎಷ್ಟು ಕಟ್ಟಿವೆ, ನಿಲ್ಲಿಸಿದವು ಏಕೆ ನಿಲ್ಲಿಸಿದವು ಎಂಬುದನ್ನು ಆ ಸಂಘಗಳ ವಾರದ ಸಭೆಯಲ್ಲಿಯೇ ಕುಳಿತು ವಿಚಾರಿಸಬೇಕು.