ಕೆಮ್ಮು ಬಂದರೆ ಉಸಿರು ಎಣಿಸಿ

(ಬೆಳ್ಳಿಹಬ್ಬದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಇದೇ ಡೇರಿಗೆ ಹಾಲು ಹಾಕುವ ಮನೆಯಿಂದ ಹೋಗಿ ಆರೋಗ್ಯ ಇಲಾಖೆಯಲ್ಲಿ ದುಡಿಯುತ್ತಿರುವವರು ನಾವು. ಇಲ್ಲಿ ಹಾಲನ್ನು ಯಾರೂ ಕಣ್ಣಂದಾಜಿನಲ್ಲಿ ಬರೆದುಕೊಳ್ಳುವುದಿಲ್ಲ, ಅಳೆದೇ ಬರೆಯುತ್ತಾರೆ. ಆದರೆ ಮನೆಯಲ್ಲಿ ಕೆಮ್ಮುವ ಮಗುವಿನ ಉಸಿರನ್ನು ನಾವು ಎಣಿಸುವುದಿಲ್ಲ. ಇವತ್ತು ಅದೇ ಮಾತು.

ನ್ಯುಮೋನಿಯಾ ಎಂದರೆ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವು, ನೀರು ತುಂಬುವ ಕಾಯಿಲೆ. ಇದರಲ್ಲಿ ಹಲವು ಬಗೆ.

ಬ್ಯಾಕ್ಟೀರಿಯಾದಿಂದ ಬಂದದ್ದು ಹೆಚ್ಚಾಗಿ ದಿಢೀರನೆ ಶುರುವಾಗುತ್ತದೆ: ನಡುಕದ ಚಳಿ, ಜೋರು ಜ್ವರ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುವ ನೋವು, ಹಳದಿ ಇಲ್ಲವೆ ತುಕ್ಕಿನ ಬಣ್ಣದ ಕಫ. ವೈರಸ್ಸಿನದು ನೆಗಡಿ, ಮೈಕೈ ನೋವು, ಒಣಕೆಮ್ಮಿನಿಂದ ಮೆಲ್ಲಗೆ ಆರಂಭವಾಗಿ ಆಮೇಲೆ ಏದುಸಿರು ತರುತ್ತದೆ. 2020-21ರ ಕೋವಿಡ್‌ನಲ್ಲಿ ಇದನ್ನು ಕಂಡಿದ್ದೇವೆ. ಮೈಕೋಪ್ಲಾಸ್ಮಾ ತಗುಲಿದವರು ಓಡಾಡಿಕೊಂಡೇ ಇರುತ್ತಾರೆ, ಒಣಕೆಮ್ಮು ಮಾತ್ರ ವಾರಗಟ್ಟಲೆ ಬಿಡದು. ಲಕ್ವ ಹೊಡೆದವರಿಗೆ ಅನ್ನ, ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೂ ಬರುತ್ತದೆ. ಊಟದ ಹೊತ್ತಿಗೆ ಕೆಮ್ಮು, ಗಂಟಲಲ್ಲಿ ಗೊರಗೊರ ಅದರ ಸೂಚನೆ.

ಎಷ್ಟೋ ಸಲ ಈ ಲಕ್ಷಣಗಳು ಕಲೆತಿರುತ್ತವೆ. ಯಾವ ಬಗೆ ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ತಡ ಮಾಡದಿರುವುದು ನಮ್ಮ ಕೆಲಸ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇವೆ. ನಮ್ಮ ಅಜ್ಜಿಗೆ ಮೈ ಬಿಸಿ ಇರಲಿಲ್ಲ. ಊಟ ಬಿಟ್ಟರು, ಏನೇನೋ ಮಾತಾಡಿದರು. "ವಯಸ್ಸಾಯ್ತು, ಅರಳುಮರಳು" ಅಂತ ಎರಡು ದಿನ ಸುಮ್ಮನಿದ್ದೆವು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಇಲಾಖೆಯಲ್ಲಿದ್ದ ನಮಗೇ ಹೊಳೆಯಲಿಲ್ಲ. ವಯಸ್ಸಾದವರಿಗೆ ಜ್ವರವಿಲ್ಲದೆಯೂ ನ್ಯುಮೋನಿಯಾ ಬರುತ್ತದೆ, ಮರೆಯಬೇಡಿ.

ಇನ್ನು ಮಕ್ಕಳು. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚಿದ್ದರೆ ಅದೇ ದಿನ ಆಸ್ಪತ್ರೆಗೆ ಹೊರಡಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ, ಮಂಕಾಗಿ ಮಲಗಿದರೆ, ಫಿಟ್ಸ್ ಬಂದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ. ಹೊಟ್ಟೆಗೆ ಬರೆ ಹಾಕಬೇಡಿ. ಅದರಿಂದ ಗಾಯವಾದೀತೇ ಹೊರತು ಕಾಯಿಲೆ ಇಳಿಯದು.

ಎರಡು ವಾರ ಮೀರಿದ ಕೆಮ್ಮು ಕ್ಷಯವೂ ಇರಬಹುದು, ಕಫ ಪರೀಕ್ಷೆ ಮಾಡಿಸಿ. ಮಕ್ಕಳಿಗೆ 6 ವಾರ, 14 ವಾರ, 9 ತಿಂಗಳಿಗೆ ಕೊಡುವ ನ್ಯುಮೋಕಾಕಲ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ತಪ್ಪಿಸಬೇಡಿ.

ನಮ್ಮ ಮನೆಯಲ್ಲಿ ಆದ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ.